ಸಂದು ಕಾಣದ ಟೆಕ್ಸ್ಚರ್: ಖಣದ ಒಂದು ತುಂಡಿನಿಂದ ದಿಂಬಿನ ರೆಂಡರ್‌ವರೆಗೆ

ಕೈಮಗ್ಗದ ಬಟ್ಟೆಯಲ್ಲಿ ದಿಂಬಿನ ಕವರ್, ಚೀಲ, ಪರ್ಸ್ ಹೊಲಿಸಿ ಆನ್‌ಲೈನ್‌ನಲ್ಲಿ ಮಾರುವವರಿಗೆ ಒಂದು ತಲೆನೋವು ಇದ್ದೇ ಇದೆ. ಡಿಸೈನ್ ನಾಲ್ಕಾರು, ಪ್ರತಿಯೊಂದಕ್ಕೂ ಹತ್ತಾರು ಬಣ್ಣ. ಎಲ್ಲವನ್ನೂ ಹೊಲಿಸಿ, ಫೋಟೊ ತೆಗೆಸಿ, ಆಮೇಲೆ ಯಾವುದು ಓಡುತ್ತದೆ ಎಂದು ಕಾದರೆ ದುಡ್ಡು ಅಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೇ ಈಗ ಎಷ್ಟೋ ಜನ ದಿಂಬನ್ನು ಒಂದು ಸಲ 3ಡಿಯಲ್ಲಿ ಮಾಡಿಟ್ಟುಕೊಂಡು, ಬಟ್ಟೆ ಮಾತ್ರ ಬದಲಿಸಿ ರೆಂಡರ್, ಅಂದರೆ ಆ ಮಾದರಿಯಿಂದ ಕಂಪ್ಯೂಟರ್ ಬಿಡಿಸುವ ಚಿತ್ರ, ತೆಗೆಯುತ್ತಾರೆ.

ದಿಂಬು ಮಾಡುವುದು ಸುಲಭ. ಬಟ್ಟೆ ಕೈಕೊಡುತ್ತದೆ. ಅಂಗೈ ಅಗಲದ ತುಂಡಿನ ಚಿತ್ರವನ್ನು ಅಕ್ಕಪಕ್ಕ, ಮೇಲೆ ಕೆಳಗೆ ಜೋಡಿಸಿ ಇಡೀ ದಿಂಬು ಮುಚ್ಚಬೇಕು. ಹೀಗೆ ಹೊದಿಸುವ ಚಿತ್ರವೇ ಟೆಕ್ಸ್ಚರ್, ಜೋಡಿಸುವ ಒಂದೊಂದು ತುಂಡು ಟೈಲ್. ಜೋಡಿಸಿದ ಕಡೆ ಗೆರೆ ಕಂಡರೆ ಮುಗಿಯಿತು, ನೋಡಿದ ತಕ್ಷಣ ‘ಇದು ಕಂಪ್ಯೂಟರ್ ಚಿತ್ರ’ ಅನಿಸಿಬಿಡುತ್ತದೆ.

ಹೆಚ್ಚಿನ ವೀಡಿಯೊಗಳು ಸಂದನ್ನು ಹೇಗೆ ಮುಚ್ಚುವುದು ಎಂದು ಹೇಳಿಕೊಡುತ್ತವೆ: ಬ್ರಷ್ ಹಿಡಿ, ಸವರು, ಮಸುಕು ಮಾಡು. ಕಲ್ಲು, ಮಣ್ಣು, ಗಾರೆಗೆ ಅದು ನಡೆಯುತ್ತದೆ. ನೇಯ್ದ ಬಟ್ಟೆಗೆ ನಡೆಯುವುದಿಲ್ಲ. ನೇಯ್ಗೆಯಲ್ಲಿ ಮೊದಲೇ ಒಂದು ರಿಪೀಟ್ ಇದೆ. ಮಗ್ಗವೇ ಟೈಲ್ ಮಾಡಿ ಕೊಟ್ಟಿದೆ. ಅದರ ಅಳತೆ ಹಿಡಿದು, ಸರಿಯಾದ ಜಾಗದಲ್ಲಿ ಕತ್ತರಿಸಿದರೆ ಮುಚ್ಚುವುದಕ್ಕೆ ಏನೂ ಉಳಿಯುವುದಿಲ್ಲ ಎಂದರೂ ಆದೀತು.

ಇಲ್ಲಿ ಗುಳೇದಗುಡ್ಡದ ಖಣವನ್ನು ತೆಗೆದುಕೊಂಡಿದ್ದೇನೆ. ಬಾಗಲಕೋಟೆ ಜಿಲ್ಲೆಯ ಈ ಊರಿನ ಖಣ ಇಳಕಲ್ ಸೀರೆಗೆ ಕುಪ್ಪಸದ ಬಟ್ಟೆ ಎಂದೇ ಹೆಸರುವಾಸಿ. ಈಗ ಅದರಲ್ಲಿ ದಿಂಬು, ಚೀಲ, ಡೈರಿಯ ಹೊದಿಕೆ ಎಲ್ಲವೂ ಬರುತ್ತಿವೆ. ಸಣ್ಣ ಬುಟ್ಟಾಗಳು ಸಾಲಾಗಿ ಒತ್ತೊತ್ತಾಗಿ ಬರುವುದರಿಂದ ತಪ್ಪಾದರೆ ತಕ್ಷಣ ಗೊತ್ತಾಗುತ್ತದೆ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ.

ಬೇಕಾದ ಸಾಮಾನು ಇಷ್ಟು: ಸ್ಟೀಲ್ ಸ್ಕೇಲು, ಒಂದು ಮಸೂರ, ದಪ್ಪ ರಟ್ಟು, ಎರಡೂ ಕಡೆ ಅಂಟುವ ಟೇಪು, ಫ್ಲಾಟ್‌ಬೆಡ್ ಸ್ಕ್ಯಾನರ್, ಚಿತ್ರ ತಿದ್ದಲು ಗಿಂಪ್ ಮತ್ತು 3ಡಿ ಕೆಲಸಕ್ಕೆ ಬ್ಲೆಂಡರ್. ಎರಡೂ ಸಾಫ್ಟ್‌ವೇರ್ ಉಚಿತ. ಫೋಟೊಶಾಪ್ ಇದ್ದರೆ ಅದೂ ಆಗುತ್ತದೆ, ಕೆಲಸದ ಕ್ರಮ ಒಂದೇ.

ಮೊದಲು ಅಳತೆ

ಕಂಪ್ಯೂಟರ್ ಹಚ್ಚಬೇಡಿ. ಬಟ್ಟೆಯನ್ನು ಇಸ್ತ್ರಿ ಮಾಡಿ, ಮೇಜಿನ ಮೇಲೆ ಎಳೆಯದೆ ಹಾಸಿ. ಒಂದು ಬುಟ್ಟಾದ ತುದಿಯಿಂದ ಪಕ್ಕದ ಬುಟ್ಟಾದ ಅದೇ ತುದಿಯವರೆಗೆ ಇರುವುದು ಒಂದು ರಿಪೀಟ್. ಆದರೆ ಒಂದನ್ನೇ ಅಳೆದರೆ ಅರ್ಧ ಮಿಲಿಮೀಟರ್ ಆಚೀಚೆ ಆಗಿಯೇ ಆಗುತ್ತದೆ. ಹತ್ತು ರಿಪೀಟ್ ಅಳೆದು ಹತ್ತರಿಂದ ಭಾಗಿಸಿ. ಹತ್ತಕ್ಕೆ 180 ಮಿ.ಮೀ. ಬಂದರೆ ಒಂದಕ್ಕೆ 18 ಮಿ.ಮೀ.

ಇದನ್ನು ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆಯಾಗಿ ಮಾಡಿ. ಎರಡೂ ಒಂದೇ ಇರಬೇಕು ಅಂತೇನಿಲ್ಲ. ಹಾಸಿನ (ಉದ್ದಕ್ಕೆ ಓಡುವ) ಎಳೆಗಳು ಮಗ್ಗದಲ್ಲಿ ಬಿಗಿಯಾಗಿ ಅವುಗಳ ಜಾಗದಲ್ಲೇ ಇರುತ್ತವೆ, ಹಾಗಾಗಿ ಅಡ್ಡ ಅಳತೆ ಅಷ್ಟಾಗಿ ಬದಲಾಗುವುದಿಲ್ಲ. ಹೊಕ್ಕಿನ (ಅಡ್ಡಕ್ಕೆ ಓಡುವ) ಎಳೆಯನ್ನು ನೇಕಾರರು ಬಡಿದು ಕೂರಿಸುತ್ತಾರೆ. ಬಡಿತ ಜೋರಾದರೆ ಸಾಲು ಒತ್ತಾಗುತ್ತದೆ, ಮೆತ್ತಗಾದರೆ ಸಡಿಲ. ಆದ್ದರಿಂದ ಉದ್ದದ ಅಳತೆಯಲ್ಲಿ ಕೂದಲೆಳೆಯಷ್ಟು ಏರುಪೇರು ಇರುವುದು ಸಹಜ. ಅದನ್ನು ಆಮೇಲೆ ಸರಿ ಮಾಡೋಣ.

ಉದಾಹರಣೆಗೆ ಅಡ್ಡಕ್ಕೆ 18, ಉದ್ದಕ್ಕೆ 22 ಮಿ.ಮೀ. ಬಂತು ಅಂದುಕೊಳ್ಳಿ. ಈಗ ಟೈಲ್ ಎಷ್ಟು ದೊಡ್ಡದಿರಬೇಕು? ಪೂರ್ಣ ರಿಪೀಟ್‌ಗಳೇ ಆಗಬೇಕು, ಅರ್ಧ ಮುಕ್ಕಾಲು ನಡೆಯದು. ಅಡ್ಡಕ್ಕೆ 9 ರಿಪೀಟ್ ಅಂದರೆ 162 ಮಿ.ಮೀ. ಉದ್ದಕ್ಕೆ 7 ಅಂದರೆ 154 ಮಿ.ಮೀ. ಇದು ಎ4 ಸ್ಕ್ಯಾನರ್‌ನ 210 ಮಿ.ಮೀ. ಅಗಲದ ಗಾಜಿನಲ್ಲಿ ಆರಾಮಾಗಿ ಕೂರುತ್ತದೆ.

‘ಒಂದೇ ರಿಪೀಟ್ ಸಾಕಲ್ವಾ?’ ಅಂತ ಕೇಳಬಹುದು. ಗೆರೆ ಬರದಂತೆ ಕೂಡಿಸುವುದಕ್ಕೆ ಸಾಕು. ಆದರೆ ಎಲ್ಲ ಬುಟ್ಟಾಗಳೂ ಅಚ್ಚು ಹೊಡೆದಂತೆ ಒಂದೇ ಆಗುತ್ತವೆ, ಪ್ರಿಂಟ್ ಬಟ್ಟೆಯ ಥರ ಕಾಣುತ್ತದೆ. ಕೈಮಗ್ಗ ಅನಿಸಬೇಕಾದರೆ 9 ಗುಣಿಸು 7, ಅಂದರೆ 63 ಬುಟ್ಟಾಗಳ ಸಣ್ಣ ಸಣ್ಣ ವ್ಯತ್ಯಾಸ ಟೈಲ್‌ನಲ್ಲಿ ಇರಬೇಕು.

ಮಸೂರ ಹಿಡಿದು ಇನ್ನೊಂದು ನೋಡಿ: ಎರಡು ಬುಟ್ಟಾಗಳ ನಡುವೆ ಎಷ್ಟು ಎಳೆ? ಪಕ್ಕದಲ್ಲೂ ಅಷ್ಟೇ ಇದೆಯಾ? ಇದ್ದರೆ ಟೈಲ್‌ನ ಎಡ ಅಂಚಿನ ಎಳೆಗೂ ಬಲ ಅಂಚಿನ ಎಳೆಗೂ ತಾಳೆ ಬೀಳುತ್ತದೆ. ಎಲ್ಲೋ ಒಂದು ಎಳೆ ತಪ್ಪಿದ್ದರೆ ಆ ಭಾಗ ಬಿಟ್ಟು ಬೇರೆ ಕಡೆ ಸರಿಯಿರಿ. ಇಲ್ಲಿ ಎಣಿಸಿದ್ದು ಆಮೇಲೆ ಸ್ಕ್ರೀನ್ ಮುಂದೆ ಕೂತು ತಿದ್ದುವುದನ್ನು ಎಷ್ಟೋ ಉಳಿಸುತ್ತದೆ.

ಸ್ಕ್ಯಾನ್: ಒಂದಲ್ಲ, ನಾಲ್ಕು

200 ಮಿ.ಮೀ. ಚೌಕದ ರಟ್ಟು ಕತ್ತರಿಸಿ. ಅದರ ಮೇಲೆ ಬಟ್ಟೆ ಹಾಸಿ, ಅಂಚುಗಳಲ್ಲಿ ಮಾತ್ರ ಟೇಪಿನಿಂದ ಅಂಟಿಸಿ. ಎಳೆಗಳು ರಟ್ಟಿನ ಅಂಚಿಗೆ ನೇರವಾಗಿರಲಿ. ನಾಲ್ಕು ಮೂಲೆಗಳಲ್ಲಿ ಪೆನ್ನಿನಿಂದ ಸಣ್ಣ ಕೂಡು (+) ಗುರುತು ಹಾಕಿದ ಬಿಳಿ ಕಾಗದದ ಚೂರು ಅಂಟಿಸಿ. ಇಷ್ಟೆಲ್ಲ ಯಾಕೆ ಅಂದರೆ, ಈ ತುಂಡನ್ನು ನಾಲ್ಕು ಸಲ ತಿರುಗಿಸಿ ಸ್ಕ್ಯಾನ್ ಮಾಡಬೇಕು. ಬರೀ ಬಟ್ಟೆಯನ್ನು ತಿರುಗಿಸಿದರೆ ಪ್ರತಿ ಸಲವೂ ಬೇರೆ ಥರ ಎಳೆದುಕೊಳ್ಳುತ್ತದೆ. ರಟ್ಟು ಎಳೆದುಕೊಳ್ಳುವುದಿಲ್ಲ.

ಸ್ಕ್ಯಾನರ್‌ನಲ್ಲಿ ಬೆಳಕು ಸಾಮಾನ್ಯವಾಗಿ ಒಂದೇ ಕಡೆಯಿಂದ ಓರೆಯಾಗಿ ಬೀಳುತ್ತದೆ. ಹಾಗಾಗಿ ಪ್ರತಿ ಎಳೆಗೂ ಒಂದು ಬದಿ ಹೊಳಪು, ಇನ್ನೊಂದು ಬದಿ ನೆರಳು. ಒಂದೇ ಸ್ಕ್ಯಾನ್ ಬಳಸಿದರೆ ಈ ನೆರಳು ಬಣ್ಣದೊಳಗೆ ಸೇರಿಕೊಂಡುಬಿಡುತ್ತದೆ. ಆಮೇಲೆ ಬ್ಲೆಂಡರ್‌ನಲ್ಲಿ ನೀವು ದೀಪವನ್ನು ಬಲಕ್ಕಿಟ್ಟರೂ ಬಟ್ಟೆಯ ನೆರಳು ಎಡದ ದೀಪವನ್ನೇ ಹೇಳುತ್ತಿರುತ್ತದೆ. ಕಣ್ಣಿಗೆ ಏನು ತಪ್ಪು ಅಂತ ಗೊತ್ತಾಗದಿದ್ದರೂ ಏನೋ ಸರಿ ಇಲ್ಲ ಅನಿಸುವುದು ಇದರಿಂದಲೇ.

ರಟ್ಟನ್ನು 0, 90, 180, 270 ಡಿಗ್ರಿ ತಿರುಗಿಸಿ ನಾಲ್ಕು ಸ್ಕ್ಯಾನ್ ತೆಗೆಯಿರಿ. ನಾಲ್ಕನ್ನೂ ಗಿಂಪ್‌ನಲ್ಲಿ ಮತ್ತೆ ನೆಟ್ಟಗೆ ತಿರುಗಿಸಿ, ಮೂಲೆಯ ಗುರುತುಗಳನ್ನು ಒಂದರ ಮೇಲೊಂದು ಕೂರಿಸಿದರೆ, ಒಂದೇ ಬಟ್ಟೆಗೆ ನಾಲ್ಕು ದಿಕ್ಕಿನ ಬೆಳಕು ಸಿಕ್ಕಿತು. ಇವುಗಳ ಸರಾಸರಿ ಬಣ್ಣದ ಮ್ಯಾಪ್, ವ್ಯತ್ಯಾಸ ಉಬ್ಬುತಗ್ಗಿನ ಮ್ಯಾಪ್ (ಬಟ್ಟೆಯ ಒಂದೊಂದು ಗುಣವನ್ನು 3ಡಿಗೆ ಹೇಳುವ ಚಿತ್ರವೇ ಮ್ಯಾಪ್). ಒಂದೇ ಕೆಲಸದಲ್ಲಿ ಎರಡು ಲಾಭ.

ಸೆಟ್ಟಿಂಗ್ ವಿಷಯ. ಆಟೊ ಬಣ್ಣ, ಶಾರ್ಪನ್, ಧೂಳು ತೆಗೆಯುವುದು, ಎಲ್ಲ ಆಫ್ ಮಾಡಿ. ‘ಡಿಸ್ಕ್ರೀನ್’ ಅಂತ ಒಂದಿರುತ್ತದೆ. ಅದು ಪತ್ರಿಕೆಯ ಅಚ್ಚಿನ ಚುಕ್ಕೆಗಳನ್ನು ಅಳಿಸಲು ಇರುವುದು, ನೇಯ್ಗೆಯನ್ನೂ ಅದೇ ಅಂದುಕೊಂಡು ಅಳಿಸಿಬಿಡುತ್ತದೆ. ರೆಸಲ್ಯೂಷನ್ 1200 ಡಿಪಿಐ ಇಟ್ಟರೆ ಒಂದು ಮಿ.ಮೀ.ಗೆ ಸುಮಾರು 47 ಪಿಕ್ಸೆಲ್ ಸಿಗುತ್ತದೆ. ಆದರೆ 200 ಮಿ.ಮೀ. ಚೌಕ 16-ಬಿಟ್‌ನಲ್ಲಿ ಹೆಚ್ಚುಕಡಿಮೆ 535 ಎಂಬಿ ಆಗುತ್ತದೆ, ನಾಲ್ಕು ಸೇರಿ 2 ಜಿಬಿ ದಾಟುತ್ತದೆ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಮಾತ್ರ ಇದ್ದರೆ 600 ಡಿಪಿಐ ಸಾಕು. ದಿಂಬಿನ ಚಿತ್ರಕ್ಕೆ ಅದು ಧಾರಾಳ. 400 ಮಿ.ಮೀ. ದಿಂಬು ಚಿತ್ರದಲ್ಲಿ 1600 ಪಿಕ್ಸೆಲ್ ಅಗಲ ಬಂದರೆ ಒಂದು ಮಿ.ಮೀ.ಗೆ ಬೇಕಾಗುವುದು ಬರೀ 4 ಪಿಕ್ಸೆಲ್. ಜಾಸ್ತಿ ಇಟ್ಟುಕೊಳ್ಳುವುದು ಹತ್ತಿರದ ಚಿತ್ರಕ್ಕಾಗಿ ಅಷ್ಟೇ.

ತೆಳ್ಳಗಿನ, ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಸ್ಕ್ಯಾನರ್‌ಗಳು ಹೆಚ್ಚಾಗಿ ಸಿಐಎಸ್ ಮಾದರಿಯವು. ಗಾಜಿಗೆ ಒತ್ತಿಕೊಂಡದ್ದು ಮಾತ್ರ ಅವಕ್ಕೆ ಚೂಪಾಗಿ ಕಾಣುತ್ತದೆ. ಖಣಕ್ಕೆ ಪರವಾಗಿಲ್ಲ. ಕಸೂತಿ ಹಾಕಿದ ದಪ್ಪ ಬಟ್ಟೆ, ಜಮಖಾನೆಗೆ ಹಳೇ ಕಾಲದ ದಪ್ಪ ಸಿಸಿಡಿ ಸ್ಕ್ಯಾನರ್ ವಾಸಿ.

ಸ್ಕ್ಯಾನರ್ ಇಲ್ಲವೇ? ಮೋಡದ ದಿನ ತೆರೆದ ಜಾಗದಲ್ಲಿ, ಕ್ಯಾಮೆರಾವನ್ನು ಬಟ್ಟೆಗೆ ಸಮಾನಾಂತರವಾಗಿ ಸ್ಟ್ಯಾಂಡಿಗೆ ಕಟ್ಟಿ ತೆಗೆಯಿರಿ. ಐಎಸ್‌ಒ 100, ಎಫ್/8, ರಾ ಫೈಲ್, ಪಕ್ಕದಲ್ಲಿ ಬೂದು ಕಾರ್ಡ್. ರೇಷ್ಮೆಯ ಹೊಳಪು ತೊಂದರೆ ಕೊಟ್ಟರೆ ಒಳಾಂಗಣದಲ್ಲಿ ಎರಡು ದೀಪಗಳಿಗೆ ಪೋಲರೈಸರ್ ಹಾಳೆ ಹಾಕಿ, ಲೆನ್ಸ್‌ಗೂ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸುತ್ತಾ ಹೋಗಿ. ಒಂದು ಕೋನದಲ್ಲಿ ಹೊಳಪು ಪೂರ್ತಿ ಆರಿ, ಬರೀ ಬಣ್ಣ ಉಳಿಯುತ್ತದೆ.

ಸರಾಸರಿ, ಆಮೇಲೆ ಬೆಳಕು ಸಮ ಮಾಡುವುದು

ನಾಲ್ಕು ಲೇಯರ್‌ಗಳ ಸರಾಸರಿಗೆ ಒಪಾಸಿಟಿಯನ್ನು ಕೆಳಗಿನಿಂದ ಮೇಲಕ್ಕೆ 100, 50, 33, 25 ಇಡಿ. ಎಲ್ಲಕ್ಕೂ 25 ಇಟ್ಟರೆ ಸರಾಸರಿ ಬರುವುದಿಲ್ಲ, ಮೇಲಿನದ್ದಕ್ಕೆ ತೂಕ ಜಾಸ್ತಿಯಾಗುತ್ತದೆ. ಇದನ್ನು ಬೇರೆ ಫೈಲ್ ಮಾಡಿ ಉಳಿಸಿ. ಮೂಲ ನಾಲ್ಕೂ ಹಾಗೇ ಇರಲಿ.

ಒಂದು ಮೂಲೆ ಸ್ವಲ್ಪ ಕಪ್ಪು, ಇನ್ನೊಂದು ಸ್ವಲ್ಪ ಬೆಳಕು ಅನಿಸಿದರೆ ಈಗಲೇ ಸರಿಮಾಡಬೇಕು. ಬರಿಗಣ್ಣಿಗೆ ಇದು ಅಷ್ಟಾಗಿ ಕಾಣುವುದಿಲ್ಲ, ಟೈಲ್ ಹಾಸಿದ ಮೇಲೆ ಚದುರಂಗದ ಮಣೆಯ ಥರ ಎದ್ದು ಬರುತ್ತದೆ. ಚಿತ್ರದ ಪ್ರತಿ ತೆಗೆದು, ಬುಟ್ಟಾ ಕರಗಿಹೋಗುವಷ್ಟು ದೊಡ್ಡ ಗಾಸಿಯನ್ ಬ್ಲರ್ ಕೊಡಿ. ರಿಪೀಟ್‌ನ ಅಗಲಕ್ಕಿಂತ ಜಾಸ್ತಿಯೇ ಇರಲಿ. ಆ ಲೇಯರನ್ನು ‘ಡಿವೈಡ್’ ಮೋಡ್‌ಗೆ ಹಾಕಿ, ಎರಡನ್ನೂ ಒಂದು ಮಾಡಿ, ಮೇಲೆ ಬಟ್ಟೆಯ ಸರಾಸರಿ ಬಣ್ಣವನ್ನು ‘ಮಲ್ಟಿಪ್ಲೈ’ ಮಾಡಿ. ಗಿಂಪ್‌ನಲ್ಲಿ ಇದಕ್ಕೆ ಮುಂಚೆ ಪ್ರಿಸಿಷನ್ ಅನ್ನು 32-ಬಿಟ್ ಫ್ಲೋಟ್‌ಗೆ ಬದಲಿಸಿಕೊಳ್ಳಿ, ಇಲ್ಲವಾದರೆ ಬೆಳಕಿನ ಭಾಗ ಬಿಳಿಚಿಕೊಂಡು ವಿವರ ಹೋಗುತ್ತದೆ. ಇದೆಲ್ಲ ಕತ್ತರಿಸುವ ಮೊದಲೇ ಆಗಬೇಕು. ಬ್ಲರ್ ಅಂಚಿನಲ್ಲಿ ಸುಳ್ಳು ಹೇಳುತ್ತದೆ, ಆ ಅಂಚು ನಮ್ಮ ಟೈಲ್‌ನ ಹೊರಗೇ ಉಳಿಯಲಿ.

ಕತ್ತರಿಸುವ ಜಾಗ

ಇಡೀ ಕೆಲಸದ ತಿರುಳು ಇದೇ. ನಿಧಾನವಾಗಿ ಮಾಡಿ.

ಚಿತ್ರವನ್ನು 200 ಪರ್ಸೆಂಟ್‌ಗೆ ಹಿಗ್ಗಿಸಿ, ಎಡ ಮೇಲಿನ ಮೂಲೆಯ ಹತ್ತಿರ ಒಂದು ಜಾಗ ಆರಿಸಿ. ಬುಟ್ಟಾದ ಮೇಲೆ ಬೇಡ, ಬುಟ್ಟಾಗಳ ನಡುವಿನ ಖಾಲಿ ನೆಲದಲ್ಲಿ, ಒಂದು ಹಾಸಿನ ಎಳೆ ಒಂದು ಹೊಕ್ಕಿನ ಎಳೆಯನ್ನು ದಾಟುವ ಬಿಂದು. ಖಣದಲ್ಲಿ ಬುಟ್ಟಾ ಬರುವುದು ಹೆಚ್ಚುವರಿ ಹಾಸಿನ ಎಳೆಗಳಿಂದ, ಅದು ನೆಲಕ್ಕಿಂತ ತುಸು ಉಬ್ಬಿರುತ್ತದೆ. ಅದನ್ನು ಕತ್ತರಿಸಿದರೆ ಬಣ್ಣ, ಉಬ್ಬು, ಹೊಳಪು ಮೂರನ್ನೂ ಕೂಡಿಸಬೇಕಾಗುತ್ತದೆ. ನೆಲವನ್ನು ಕತ್ತರಿಸಿದರೆ ಎಳೆ ಒಂದನ್ನು ಕೂಡಿಸಿದರೆ ಆಯಿತು.

ಆ ಬಿಂದುವಿನಿಂದ ಬಲಕ್ಕೆ 9 ರಿಪೀಟ್ ಎಣಿಸಿ, ಬುಟ್ಟಾಕ್ಕೆ ಹೋಲಿಸಿದರೆ ಅದೇ ಜಾಗದಲ್ಲಿರುವ ಬಿಂದು ಹುಡುಕಿ. ಕೆಳಕ್ಕೆ 7 ಎಣಿಸಿ ಮೂರನೆಯದು. ಓರೆಯಾಗಿ ನಾಲ್ಕನೆಯದು. ಈ ನಾಲ್ಕೂ ಸೇರಿ ಸರಿಯಾದ ಆಯತ ಆಗುವುದು ಅಪರೂಪ. ಬಟ್ಟೆ ಸ್ವಲ್ಪ ವಾಲಿರುತ್ತದೆ, ಒಂದು ಬದಿ ಎರಡು ಪಿಕ್ಸೆಲ್ ಉದ್ದ ಇರುತ್ತದೆ. ಈಗ ಪರ್ಸ್ಪೆಕ್ಟಿವ್ ಟೂಲ್ ಅನ್ನು ‘ಕರೆಕ್ಟಿವ್’ ದಿಕ್ಕಿನಲ್ಲಿಟ್ಟು, ಅದರ ನಾಲ್ಕು ಮೂಲೆಗಳನ್ನು ಈ ನಾಲ್ಕು ಬಿಂದುಗಳ ಮೇಲೆ ಕೂರಿಸಿ ಎಂಟರ್ ಒತ್ತಿ. ವಾಲಿದ ಚೌಕ ನೇರ ಆಯತವಾಗುತ್ತದೆ. ಆ ಆಯತವನ್ನು ಕತ್ತರಿಸಿಕೊಳ್ಳಿ.

ಈಗ ಎಡ ಅಂಚಿನ ಮೊದಲ ಪಿಕ್ಸೆಲ್ ಸಾಲು, ಬಲ ಅಂಚಿನ ಕೊನೆಯ ಸಾಲಿನ ಮುಂದಿನ ಸಾಲು ಆಗಬೇಕು. ಅದೇ ಸಾಲು ಆಗಬಾರದು. ಕೊನೆಯ ಸಾಲೂ ಮೊದಲ ಸಾಲೂ ಒಂದೇ ಆದರೆ ಕೂಡುವ ಕಡೆ ಎಳೆ ದಪ್ಪವಾಗಿ ಕಾಣುತ್ತದೆ. ಹಾಗೆ ಕಂಡರೆ ಬಲಗಡೆಯಿಂದ ಒಂದು ಪಿಕ್ಸೆಲ್ ಕತ್ತರಿಸಿ.

ಲೇಯರ್ > ಟ್ರಾನ್ಸ್‌ಫಾರ್ಮ್ > ಆಫ್‌ಸೆಟ್‌ನಲ್ಲಿ ಅರ್ಧ ಅಗಲ, ಅರ್ಧ ಎತ್ತರ ಸರಿಸಿ, ‘ರ‍್ಯಾಪ್ ಅರೌಂಡ್’ ಆರಿಸಿ. ಅಂಚುಗಳೆಲ್ಲ ನಡುವೆ ಬಂದು ಕೂಡು ಗುರುತಿನ ಆಕಾರದಲ್ಲಿ ಕಾಣುತ್ತವೆ. ಬಿಂದು ಸರಿಯಾಗಿ ಆರಿಸಿದ್ದರೆ ಹುಡುಕಿದರೂ ಸಿಗುವುದು ಕಷ್ಟ. ಫೋಟೊಶಾಪ್‌ನಲ್ಲಿ ‘ಪ್ಯಾಟರ್ನ್ ಪ್ರಿವ್ಯೂ’, ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕ್ರಿಟಾದಲ್ಲಿ ಡಬ್ಲ್ಯೂ ಕೀ ಒತ್ತಿದರೆ ಬರುವ ರ‍್ಯಾಪ್ ಅರೌಂಡ್ ಮೋಡ್ ಇದೇ ಕೆಲಸವನ್ನು ಕಣ್ಣೆದುರೇ ತೋರಿಸುತ್ತವೆ. ಕ್ರಿಟಾದ್ದು ನನಗೆ ತುಂಬಾ ಇಷ್ಟ. ಬ್ರಷ್ ಹಾಕುತ್ತಿದ್ದಂತೆಯೇ ಅಕ್ಕಪಕ್ಕದ ಟೈಲ್‌ಗಳೂ ಬದಲಾಗುವುದು ಕಾಣುತ್ತದೆ.

ಉಳಿದ ಚೂರುಪಾರು

ಸಣ್ಣ ತಪ್ಪು ಉಳಿದೇ ಇರುತ್ತದೆ. ಎಲ್ಲೋ ಒಂದು ಹೊಕ್ಕಿನ ಎಳೆ ಅರ್ಧ ಎಳೆಯಷ್ಟು ಕೆಳಗೆ ಜಾರಿರುತ್ತದೆ. ವಾರ್ಪ್ ಟೂಲ್‌ನಲ್ಲಿ ಮೆಲ್ಲಗೆ ತಳ್ಳಿ ಕೂಡಿಸಿ. ಕ್ಲೋನ್ ಬ್ರಷ್ ಬೇಕಾದರೆ ಎಳೆಯ ದಿಕ್ಕಿನಲ್ಲೇ, ಒಂದೊಂದೇ ಎಳೆ ಹಿಡಿದು ಎಳೆಯಿರಿ. ಅಡ್ಡಾದಿಡ್ಡಿ ಚುಕ್ಕೆ ಇಟ್ಟರೆ ನೇಯ್ಗೆ ಮುರಿಯುತ್ತದೆ.

ಮೆತ್ತನೆಯ ಬ್ರಷ್‌ನಿಂದ ಎರಡು ಭಾಗಗಳನ್ನು ಬೆರೆಸುವ ಆಸೆ ಬರುತ್ತದೆ. ತಡೆದುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಚಿತ್ರಗಳನ್ನು ಅರ್ಧರ್ಧ ಬೆರೆಸಿದರೆ ಅಲ್ಲಿನ ಏರಿಳಿತ ಮೂಲದ ಸುಮಾರು 0.71 ಪಾಲಿಗೆ ಇಳಿಯುತ್ತದೆ. ಇದು ಸರಾಸರಿಯ ಗಣಿತ, ಯಾವ ಸಾಫ್ಟ್‌ವೇರ್ ಬಳಸಿದರೂ ಅಷ್ಟೇ. ಗೆರೆ ಹೋಗಿ ಅದರ ಜಾಗದಲ್ಲಿ ಒಂದು ಮಂಕು ಪಟ್ಟಿ ಬರುತ್ತದೆ. ದೂರದಿಂದ ನೋಡಿದರೆ ಗೆರೆಗಿಂತ ಪಟ್ಟಿಯೇ ಜಾಸ್ತಿ ಕಣ್ಣಿಗೆ ಹೊಡೆಯುತ್ತದೆ. ಬೆರೆಸಲೇಬೇಕಿದ್ದರೆ ಮಾಸ್ಕ್‌ನ (ಯಾವ ಭಾಗ ಕಾಣಬೇಕು ಎಂದು ಹೇಳುವ ಮುಸುಕಿನ) ಅಂಚು ಒಂದೆರಡು ಪಿಕ್ಸೆಲ್ ಅಷ್ಟೇ ಮೆತ್ತಗಿರಲಿ, ಅದು ಎಳೆಗಳ ಸಂದಿಯಲ್ಲಿ ಅಂಕುಡೊಂಕಾಗಿ ಹೋಗಲಿ. ಎರಡು ಚಿತ್ರಗಳು ಎಲ್ಲಿ ಹೆಚ್ಚು ಹೋಲುತ್ತವೋ ಅಲ್ಲಿ ಕತ್ತರಿ ಹಾಕುವ ಈ ಉಪಾಯವನ್ನೇ ಸಂಶೋಧಕರಾದ ಎಫ್ರೋಸ್ ಮತ್ತು ಫ್ರೀಮನ್ 2001ರಲ್ಲಿ ‘ಇಮೇಜ್ ಕ್ವಿಲ್ಟಿಂಗ್’ ಎಂಬ ಹೆಸರಿನಲ್ಲಿ ಕಂಪ್ಯೂಟರ್‌ಗೆ ಕಲಿಸಿದರು.

ಕನ್ನಡಿ ಬಿಂಬದ ಟೈಲ್ ಮಾಡುವ ಅಡ್ಡದಾರಿಯೂ ಇದೆ. ಚಿತ್ರವನ್ನು ಮಗುಚಿ ಪಕ್ಕಕ್ಕಿಟ್ಟರೆ ಅಂಚು ತಾನಾಗಿ ಕೂಡುತ್ತದೆ, ನಿಜ. ಆದರೆ ಸಂದಿನ ಎರಡೂ ಕಡೆ ಚಿಟ್ಟೆಯ ರೆಕ್ಕೆಯಂಥ ಆಕಾರ ಬರುತ್ತದೆ, ಓರೆ ನೇಯ್ಗೆ ಇದ್ದರೆ ಅದರ ದಿಕ್ಕೂ ಉಲ್ಟಾ ಆಗುತ್ತದೆ. ಬಟ್ಟೆಗೆ ಬೇಡವೇ ಬೇಡ.

ಈಗ ಆರು ಗುಣಿಸು ಆರು ಹಾಸಿ, ಚಿತ್ರವನ್ನು ಹತ್ತನೇ ಒಂದು ಪಾಲಿಗೆ ಕುಗ್ಗಿಸಿ, ಬಣ್ಣ ತೆಗೆದು ಕಪ್ಪು ಬಿಳುಪಿನಲ್ಲಿ ನೋಡಿ. ಒಂದು ದಪ್ಪ ಗಂಟು, ಒಂದು ಕಪ್ಪು ಚುಕ್ಕೆ, ಒಂದು ಬಿಳಿಚಿದ ಬುಟ್ಟಾ ಸಾಲಾಗಿ ಎದ್ದು ಬಂದರೆ ಅದನ್ನು ಪಕ್ಕದ ಬುಟ್ಟಾದಿಂದ ಮುಚ್ಚಿ. 400 ಮಿ.ಮೀ. ದಿಂಬಿನ ಮುಖದ ಮೇಲೆ ಈ ಟೈಲ್ ಆರು ಸಲಕ್ಕಿಂತ ಜಾಸ್ತಿ ಬರುತ್ತದೆ, ಒಂದು ಗಂಟು ಆರು ಕಡೆ ಕಂಡರೆ ಯಾರಿಗಾದರೂ ಗೊತ್ತಾಗುತ್ತದೆ. ಹಾಗಂತ ಎಲ್ಲ ಗಂಟೂ ಅಳಿಸಬೇಡಿ. ಎಲ್ಲ ಕಡೆ ಇರುವ ಸಣ್ಣ ಏರುಪೇರು ಇರಲಿ, ಒಂದೇ ಒಂದು ಕಡೆ ಇರುವುದು ಹೋಗಲಿ.

ಸೈಜ್ ಬದಲಿಸುವಾಗ ಒಂದು ಎಚ್ಚರ. 4096 ಪಿಕ್ಸೆಲ್ ಚೌಕಕ್ಕೆ ತರುವಾಗ ಟೈಲನ್ನು ಸುಮ್ನೆ ಕುಗ್ಗಿಸಿದರೆ ಸಂದು ಮತ್ತೆ ಬರುತ್ತದೆ. ಅಂಚಿನ ಆಚೆ ಏನಿದೆ ಎಂದು ಸಾಫ್ಟ್‌ವೇರ್‌ಗೆ ಗೊತ್ತಿರುವುದಿಲ್ಲ. ಮೊದಲು 3 ಗುಣಿಸು 3 ಹಾಸಿ, ಒಟ್ಟಿಗೆ ಕುಗ್ಗಿಸಿ, ನಡುವಿನ ಟೈಲನ್ನು ಕತ್ತರಿಸಿ ತೆಗೆಯಿರಿ. ಶಾರ್ಪನ್, ಬ್ಲರ್ ಎಲ್ಲಕ್ಕೂ ಇದೇ ನಿಯಮ. 162 ಗುಣಿಸು 154 ಮಿ.ಮೀ. ಇರುವುದನ್ನು ಚೌಕಕ್ಕೆ ಎಳೆದರೆ ಬುಟ್ಟಾ ತುಸು ಉದ್ದ ಕಾಣುತ್ತದೆ. ಹೆದರಬೇಡಿ, ಬ್ಲೆಂಡರ್‌ನಲ್ಲಿ ಅಳತೆ ಕೊಟ್ಟಾಗ ಸರಿಹೋಗುತ್ತದೆ. ಆ ಅಳತೆಯನ್ನು ಫೈಲ್‌ನ ಹೆಸರಲ್ಲೇ ಬರೆದಿಡಿ. ‘ಖಣ-ಕೆಂಪು-162-154’ ಅಂತಿದ್ದರೆ ಮುಂದಿನ ವರ್ಷ ತೆಗೆದರೂ ಗೊತ್ತಾಗುತ್ತದೆ.

ಉಬ್ಬುತಗ್ಗು

ಬಣ್ಣದ ಚಿತ್ರದಿಂದಲೇ ನಾರ್ಮಲ್ ಮ್ಯಾಪ್ (ಉಬ್ಬುತಗ್ಗಿನ ಮ್ಯಾಪ್) ತೆಗೆದುಕೊಡುವ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಅವುಗಳ ಲೆಕ್ಕದಲ್ಲಿ ಕಪ್ಪು ಅಂದರೆ ತಗ್ಗು, ಬಿಳಿ ಅಂದರೆ ಉಬ್ಬು. ಕೆಂಪು ನೆಲದ ಮೇಲೆ ಕಡುಹಸಿರು ಬುಟ್ಟಾ ಇದ್ದರೆ ಬುಟ್ಟಾ ಹಳ್ಳವಾಗಿ ಬರುತ್ತದೆ, ನಿಜದಲ್ಲಿ ಅದು ಉಬ್ಬಿದೆ. ಒಂದೇ ಬಣ್ಣದ ಖಾದಿಗೆ ಆ ವಿಧಾನ ಸಾಕು. ಖಣಕ್ಕೆ ನಮ್ಮ ನಾಲ್ಕು ಸ್ಕ್ಯಾನ್‌ಗಳೇ ಬೇಕು.

ನಾಲ್ಕೂ ಸ್ಕ್ಯಾನ್‌ಗಳಿಗೆ ಬಣ್ಣದ ಮ್ಯಾಪ್‌ಗೆ ಮಾಡಿದ ಅದೇ ಪರ್ಸ್ಪೆಕ್ಟಿವ್, ಅದೇ ಕತ್ತರಿ, ಅದೇ ಮಾಸ್ಕ್ ಹಾಕಿ. ಇಲ್ಲಿ ಒಂದು ಪಿಕ್ಸೆಲ್ ತಪ್ಪಿದರೂ ಬಣ್ಣದ ಎಳೆ ಒಂದು ಕಡೆ, ಉಬ್ಬಿನ ಎಳೆ ಇನ್ನೊಂದು ಕಡೆ ಆಗುತ್ತದೆ. ಎಲ್ಲ ಲೇಯರ್‌ಗಳನ್ನೂ ಒಂದೇ ಗುಂಪಿಗೆ ಹಾಕಿ ಒಟ್ಟಿಗೇ ತಿರುಚುವುದು ಸುರಕ್ಷಿತ.

ಆಮೇಲೆ ಬ್ಲೆಂಡರ್‌ನ ಕಂಪೋಸಿಟರ್‌ಗೆ ನಾಲ್ಕನ್ನೂ ತನ್ನಿ. ಬಲದ ಬೆಳಕಿನ ಚಿತ್ರದಿಂದ ಎಡದ ಬೆಳಕಿನ ಚಿತ್ರ ಕಳೆಯಿರಿ, ಎರಡರ ಮೊತ್ತದಿಂದ ಭಾಗಿಸಿ. ಭಾಗಿಸಿದ್ದರಿಂದ ಬಟ್ಟೆಯ ಬಣ್ಣ ಲೆಕ್ಕದಿಂದ ಹೊರಬಿತ್ತು, ಬರೀ ಇಳಿಜಾರು ಉಳಿಯಿತು. ಅದನ್ನು ಅರ್ಧ ಮಾಡಿ 0.5 ಕೂಡಿಸಿದರೆ ಕೆಂಪು ಚಾನೆಲ್. ಮೇಲಿನ ಬೆಳಕು ಮತ್ತು ಕೆಳಗಿನ ಬೆಳಕಿಗೆ ಇದೇ ಲೆಕ್ಕ ಮಾಡಿದರೆ ಹಸಿರು ಚಾನೆಲ್. ನೀಲಿಗೆ 1. ಮೂರನ್ನೂ ‘ಕಂಬೈನ್ ಕಲರ್’ನಲ್ಲಿ ಸೇರಿಸಿ, ವ್ಯೂ ಟ್ರಾನ್ಸ್‌ಫಾರ್ಮ್ (ಬಣ್ಣ ತೋರಿಸುವ ಕ್ರಮ) ‘ರಾ’ ಇಟ್ಟು 16-ಬಿಟ್ ಪಿಎನ್‌ಜಿ ಉಳಿಸಿ. ಯಾವ ಸ್ಕ್ಯಾನ್‌ನಲ್ಲಿ ಬೆಳಕು ಯಾವ ಕಡೆಯದು ಅನ್ನುವ ಗೊಂದಲ ಬಂದರೆ ಮೂಲೆಯ ಕಾಗದದ ಚೂರಿನ ನೆರಳು ನೋಡಿ.

ಹಸಿರು ಚಾನೆಲ್‌ಗೆ ಎರಡು ಪದ್ಧತಿ ಇವೆ. ಬ್ಲೆಂಡರ್ ಮತ್ತು ಗೇಮ್ ಮಾಡುವ ಯೂನಿಟಿ ಓಪನ್‌ಜಿಎಲ್ ಪದ್ಧತಿಯವು, ಇನ್ನೊಂದು ಗೇಮ್ ಸಾಫ್ಟ್‌ವೇರ್ ಅನ್‌ರಿಯಲ್ ಡೈರೆಕ್ಟ್‌ಎಕ್ಸ್‌ನದ್ದು. ಉಬ್ಬು ತಗ್ಗಾಗಿ ಕಂಡರೆ ಹಸಿರನ್ನು ಉಲ್ಟಾ ಮಾಡಿ.

ಹೊಳಪು ಎಲ್ಲಿ ಎಷ್ಟು ಕಡಿಮೆ ಎಂದು ಹೇಳುವ ರಫ್‌ನೆಸ್ ಮ್ಯಾಪ್‌ಗೆ ಇಷ್ಟು ಕಷ್ಟ ಬೇಡ. ಬುಟ್ಟಾದ ಬಣ್ಣ ಆರಿಸಿ ಮಾಸ್ಕ್ ಮಾಡಿ. ಹೊಳೆಯುವ ಎಳೆಯ ಬುಟ್ಟಾಕ್ಕೆ 0.4, ಹತ್ತಿಯ ನೆಲಕ್ಕೆ 0.75ರಿಂದ ಶುರು ಮಾಡಿ, ಬಟ್ಟೆಯನ್ನು ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡುತ್ತಾ ಹೊಂದಿಸಿ. ಮೆಟಾಲಿಕ್ ಸೊನ್ನೆ. ಮಾದರಿಯ ಮೈಯನ್ನೇ ಉಬ್ಬಿಸುವ ಡಿಸ್‌ಪ್ಲೇಸ್‌ಮೆಂಟ್ ಬೇಡ, ದಿಂಬಿನ ದೂರಕ್ಕೆ ಅದರಿಂದ ಏನೂ ಸಿಗುವುದಿಲ್ಲ, ರೆಂಡರ್ ನಿಧಾನವಾಗುತ್ತದೆ ಅಷ್ಟೇ.

ಬ್ಲೆಂಡರ್‌ನಲ್ಲಿ

ದಿಂಬನ್ನು ಉಬ್ಬಿದ ಆಕಾರದಲ್ಲೇ ಮಾಡೆಲ್ ಮಾಡಿ ಆಮೇಲೆ ಯುವಿ ಬಿಚ್ಚಿದರೆ, ಅಂದರೆ ಚಿತ್ರ ಹೊದಿಸಲು ಅದರ ಮೈಯನ್ನು ಸಪಾಟಾಗಿ ಹರಡಿದರೆ, ಬುಟ್ಟಾಗಳು ನಡುವೆ ಹಿಗ್ಗಿ, ಮೂಲೆಯಲ್ಲಿ ಕುಗ್ಗುತ್ತವೆ. ದರ್ಜಿ ಮಾಡುವಂತೆಯೇ ಮಾಡಿ: 400 ಮಿ.ಮೀ.ನ ಎರಡು ಸಪಾಟು ಚೌಕ, ಅದಕ್ಕೆ ಸಪಾಟಾಗಿದ್ದಾಗಲೇ ಯುವಿ, ಆಮೇಲೆ ಅಂಚು ಕೂಡಿಸಿ ಕ್ಲಾತ್ ಸಿಮ್ಯುಲೇಷನ್‌ನಲ್ಲಿ ಪ್ರೆಶರ್ ಕೊಟ್ಟು ಊದಿಸಿ. ಹೊಲಿಗೆಯ ಹತ್ತಿರ ಸುಕ್ಕು ತಾನಾಗಿ ಬರುತ್ತದೆ, ಬಟ್ಟೆಯ ಅಳತೆಯೂ ಕೆಡುವುದಿಲ್ಲ. ಮುಂದಿನ ಹಿಂದಿನ ತುಂಡುಗಳ ಬುಟ್ಟಾ ಹೊಲಿಗೆಯಲ್ಲಿ ತಾಳೆಯಾಗಲೇಬೇಕು ಅಂತ ಕೂರಬೇಡಿ. ಅಂಗಡಿಯ ದಿಂಬಿನಲ್ಲೂ ಆಗಿರುವುದಿಲ್ಲ.

ಚೌಕ ಇಡೀ ಯುವಿ ಜಾಗ ತುಂಬಿದ್ದರೆ ಮ್ಯಾಪಿಂಗ್ ನೋಡ್‌ನ ಸ್ಕೇಲ್ ಲೆಕ್ಕ ಸರಳ. ಎಕ್ಸ್‌ಗೆ 400 ಭಾಗಿಸು 162, ಅಂದರೆ 2.469. ವೈಗೆ 400 ಭಾಗಿಸು 154, ಅಂದರೆ 2.597. ಅಂದಾಜಿನ ಮೇಲೆ 3, 3 ಅಂತ ಹಾಕಿದರೆ ಬುಟ್ಟಾ ಚಿಕ್ಕದಾಗುತ್ತದೆ. ಚಿತ್ರ ನೋಡಿ ಕೊಂಡವರು ಬಟ್ಟೆ ಬಂದಾಗ ಜಗಳ ತೆಗೆಯುವುದು ಇಂಥದ್ದಕ್ಕೇ.

ಬಣ್ಣದ ಮ್ಯಾಪ್‌ಗೆ ಕಲರ್ ಸ್ಪೇಸ್ ಎಸ್‌ಆರ್‌ಜಿಬಿ, ನಾರ್ಮಲ್ ಮತ್ತು ರಫ್‌ನೆಸ್‌ಗೆ ‘ನಾನ್-ಕಲರ್’. ನಾರ್ಮಲ್ ಚಿತ್ರವನ್ನು ನೇರವಾಗಿ ಶೇಡರ್‌ಗೆ ಸಿಕ್ಕಿಸಬೇಡಿ, ನಡುವೆ ನಾರ್ಮಲ್ ಮ್ಯಾಪ್ ನೋಡ್ ಬೇಕು. ಸ್ಟ್ರೆಂತ್ 0.5ರಿಂದ ಶುರು ಮಾಡಿ. ಹತ್ತಿಯ ಸಣ್ಣ ನವಿರಿಗೆ ಶೀನ್ ಅನ್ನು ಸ್ವಲ್ಪ, 0.1 ಅಥವಾ 0.2ರಷ್ಟು ಹಾಕಿ.

ಖಣದ ಇನ್ನೊಂದು ಚೆಂದ ಇಲ್ಲಿದೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಬಟ್ಟೆಯನ್ನು ಓರೆ ಮಾಡಿದರೆ ಮೈ ಬಣ್ಣ ಬದಲಾಗುತ್ತದೆ. ಸ್ಕ್ಯಾನರ್ ನೆಟ್ಟಗೆ ಮೇಲಿನಿಂದ ಮಾತ್ರ ನೋಡುತ್ತದೆ, ಹಾಗಾಗಿ ಈ ಗುಣ ಮ್ಯಾಪ್‌ನಲ್ಲಿ ಇರುವುದೇ ಇಲ್ಲ. ಲೇಯರ್ ವೇಟ್ ನೋಡ್‌ನ ‘ಫೇಸಿಂಗ್’ ತೆಗೆದುಕೊಂಡು, ಓರೆ ಕೋನದಲ್ಲಿ ಬೇಸ್ ಕಲರ್ ಅನ್ನು ಹೊಕ್ಕಿನ ಬಣ್ಣದ ಕಡೆಗೆ ಸ್ವಲ್ಪವೇ ವಾಲಿಸಿ. ಬಟ್ಟೆಯನ್ನು ಕೈಯಲ್ಲಿ ಹಿಡಿದು ಓರೆ ಮಾಡಿ, ಎಷ್ಟು ಬದಲಾಗುತ್ತದೋ ಅಷ್ಟೇ. ಇಷ್ಟು ಮಾಡಿದ ಕೂಡಲೇ ದಿಂಬಿನ ಉಬ್ಬಿದ ಅಂಚುಗಳಿಗೆ ಜೀವ ಬರುತ್ತದೆ.

ಟೈಲ್ ಮರುಕಳಿಸುವುದು ಇನ್ನೂ ಕಾಣುತ್ತಿದ್ದರೆ, ದೊಡ್ಡ ಅಳತೆಯ ನಾಯ್ಸ್ ಟೆಕ್ಸ್ಚರ್ ಒಂದನ್ನು ಬಣ್ಣದ ಬೆಳಕಿನ ಮೇಲೆ ನೂರಕ್ಕೆ ಮೂರು ನಾಲ್ಕರಷ್ಟು ಹರಡಿ. ನಾಯ್ಸ್‌ಗೆ ಟೈಲ್ ಇಲ್ಲ, ಎಲ್ಲೂ ಮರುಕಳಿಸುವುದಿಲ್ಲ. ಹತ್ತು ಪರ್ಸೆಂಟ್‌ಗೆ ಹೋದರೆ ಒಗೆದು ಬಣ್ಣ ಬಿಟ್ಟ ಬಟ್ಟೆ ಆಗುತ್ತದೆ.

ಬೆಳಕಿಗೆ ಪಾಲಿ ಹೇವನ್ ವೆಬ್‌ಸೈಟ್‌ನ ಉಚಿತ ಎಚ್‌ಡಿಆರ್‌ಐಗಳಲ್ಲಿ (ಸುತ್ತಲಿನ ಬೆಳಕನ್ನು ಹಿಡಿದಿಟ್ಟ ಚಿತ್ರಗಳು) ಮೆತ್ತಗಿನದ್ದೊಂದು, ಜೊತೆಗೆ ಪಕ್ಕದಿಂದ ಓರೆಯಾಗಿ ಬೀಳುವ ಒಂದು ದೀಪ. ಓರೆ ಬೆಳಕಿಲ್ಲದೆ ನೇಯ್ಗೆ ಕಾಣುವುದಿಲ್ಲ. ಬ್ಲೆಂಡರ್ 4.0ರಿಂದ ವ್ಯೂ ಟ್ರಾನ್ಸ್‌ಫಾರ್ಮ್ ತಾನಾಗಿ ‘ಎಜಿಎಕ್ಸ್’ ಇರುತ್ತದೆ. ಸಿನಿಮಾ ದೃಶ್ಯಕ್ಕೆ ಅದು ಚೆನ್ನ, ಆದರೆ ಗಾಢ ಕೆಂಪು, ಹಳದಿಯನ್ನು ಸಪ್ಪೆ ಮಾಡುತ್ತದೆ. ಮಾರಾಟದ ಚಿತ್ರಕ್ಕೆ 4.2ರಿಂದ ಬಂದಿರುವ ‘ಕ್ರೋನೋಸ್ ಪಿಬಿಆರ್ ನ್ಯೂಟ್ರಲ್’ ಆರಿಸಿ. ಅದನ್ನು ಮಾಡಿರುವುದೇ ವಸ್ತುವಿನ ಬಣ್ಣ ಇದ್ದ ಹಾಗೆ ಕಾಣಲಿ ಎಂದು.

ಬೇರೆ ವಸ್ತುಗಳಿಗೆ

ಸಾದರಹಳ್ಳಿ ಗ್ರಾನೈಟ್‌ನಂಥ ಬೂದು ಕಲ್ಲಿಗೆ ರಿಪೀಟ್ ಇಲ್ಲ, ಹಾಗಾಗಿ ಅಳತೆಯ ಕಟ್ಟುಪಾಡೂ ಇಲ್ಲ. ದೊಡ್ಡ ಭಾಗ ತೆಗೆದುಕೊಳ್ಳಿ, ಆಫ್‌ಸೆಟ್ ಮಾಡಿ, ಸಂದಿನ ಮೇಲೆ ಅದೇ ಕಲ್ಲಿನ ಬೇರೆ ಚೂರು ಇಟ್ಟು ಹರಳುಗಳ ಅಂಚು ಹಿಡಿದು ಮಾಸ್ಕ್ ಮಾಡಿ. ಮರಕ್ಕೆ ನನ್ನ ಸಲಹೆ ಟೈಲ್ ಮಾಡಬೇಡಿ ಅಂತಲೇ. ಬೀಟೆ, ತೇಗದ ಹಲಗೆಗೆ ನಿಜವಾದ ಅಂಚು ಇರುತ್ತದೆ. ಐದಾರು ಹಲಗೆಗಳ ಚಿತ್ರ ತೆಗೆದು, ಮಾಡೆಲ್‌ನಲ್ಲೂ ಹಲಗೆ ಹಲಗೆಯಾಗಿ ಜೋಡಿಸಿ.

ವೆಬ್‌ಸೈಟ್‌ನಲ್ಲಿ ತಿರುಗಿಸಿ ನೋಡುವ 3ಡಿ ದಿಂಬಿಗೆ ಇದೇ ಟೈಲ್ ಬಳಸುವುದಾದರೆ 2048ಕ್ಕೆ ಇಳಿಸಿ, ಮತ್ತೆ ಆ 3 ಗುಣಿಸು 3ರ ದಾರಿಯಲ್ಲೇ. ಬ್ರೌಸರ್‌ನಲ್ಲಿ 3ಡಿ ತೋರಿಸುವ ಹಳೆಯ ವೆಬ್‌ಜಿಎಲ್ 1ರಲ್ಲಿ ಅಗಲ ಎತ್ತರ 1024, 2048ರಂತೆ ಎರಡರ ಘಾತ ಆಗದಿದ್ದರೆ ಟೆಕ್ಸ್ಚರ್ ಮರುಕಳಿಸುವುದೇ ಇಲ್ಲ. ಬಣ್ಣದ ಮ್ಯಾಪ್ ಜೆಪೆಗ್ ಆದರೂ ನಡೆಯುತ್ತದೆ, ಕ್ವಾಲಿಟಿ 90ರ ಮೇಲಿರಲಿ. ಅದು ಚಿತ್ರವನ್ನು 8 ಗುಣಿಸು 8 ಪಿಕ್ಸೆಲ್‌ನ ಚೌಕಗಳಲ್ಲಿ ಕುಗ್ಗಿಸುವುದರಿಂದ, ಕ್ವಾಲಿಟಿ ಇಳಿಸಿದರೆ ಇಷ್ಟು ಕಷ್ಟಪಟ್ಟು ತೆಗೆದ ಸಂದು ಅಂಚಿನಲ್ಲಿ ಮತ್ತೆ ತಲೆ ಎತ್ತುತ್ತದೆ. ನಾರ್ಮಲ್ ಮ್ಯಾಪನ್ನು ಮಾತ್ರ ಜೆಪೆಗ್ ಮಾಡಬೇಡಿ, ಪಿಎನ್‌ಜಿಯಲ್ಲೇ ಇರಲಿ.